ಕೆಲಸದ ಮೇಲೆ ಹೋದ ಮಹಾನಗರದಲ್ಲಿ ಗೆಳೆಯರೊಡನೆ ಊರು ನೋಡುವುದು: ಹಂತ ಹಂತದ ಮಾರ್ಗದರ್ಶಿ

ಕಚೇರಿ ಕೆಲಸಕ್ಕೆಂದು ದೊಡ್ಡ ನಗರಕ್ಕೆ ಹೋಗಿ ಬಂದವರನ್ನು "ಏನೇನು ನೋಡಿದಿರಿ?" ಎಂದು ಕೇಳಿ. ವಿಮಾನ ನಿಲ್ದಾಣ, ಹೋಟೆಲ್, ಸಭೆಯ ಕೊಠಡಿ ಎಂಬ ಮೂರು ಹೆಸರು ಹೇಳಿ ಸುಮ್ಮನಾಗುತ್ತಾರೆ. ಅದೇ ಊರಿನಲ್ಲಿ ಅವರ ಗೆಳೆಯರಿದ್ದರು. "ಈ ಸಲ ಸಿಗಲೇಬೇಕು" ಎಂಬ ಮಾತೂ ಆಗಿತ್ತು. ಸಿಗಲಿಲ್ಲ, ಅಥವಾ ಸಿಕ್ಕರೂ ಮುಚ್ಚಿದ ಗೇಟಿನ ಮುಂದೆ ನಿಂತು ಒಂದು ಫೋಟೊ ತೆಗೆಸಿಕೊಂಡು ಮರಳಿದರು.

ಸಮಯ ಸಾಲಲಿಲ್ಲ ಎಂಬುದು ಎಲ್ಲರ ಸಮಜಾಯಿಷಿ. ನಾನು ಒಪ್ಪುವುದಿಲ್ಲ. ನಾಲ್ಕು ದಿನದ ಕೆಲಸದ ಪ್ರವಾಸದಲ್ಲಿ ಎರಡು ಒಳ್ಳೆಯ ಸಂಜೆ ಮತ್ತು ಒಂದು ಅರ್ಧ ದಿನ ಸಿಕ್ಕೇ ಸಿಗುತ್ತದೆ. ಕೆಡುವುದು ಕ್ರಮದಲ್ಲಿ. ಜನ ಮೊದಲು ನೋಡಬೇಕಾದ ಜಾಗಗಳ ಪಟ್ಟಿ ಮಾಡುತ್ತಾರೆ, ಆಮೇಲೆ ಗೆಳೆಯರಿಗೆ ಹೇಳುತ್ತಾರೆ, ಕೊನೆಗೆ ಸಭೆಯ ವೇಳಾಪಟ್ಟಿ ಕೈಗೆ ಬಂದಾಗ ಎಲ್ಲವನ್ನೂ ಅದರ ಸಂದಿಯಲ್ಲಿ ತುರುಕಲು ಹೊರಡುತ್ತಾರೆ. ಇದನ್ನು ಪೂರ್ತಿ ತಿರುವಿ ಹಾಕಬೇಕು: ಮೊದಲು ಕೆಲಸ, ನಂತರ ಗೆಳೆಯರು, ಕೊನೆಗೆ ಜಾಗ. ಕೆಳಗಿನ ಹಂತಗಳನ್ನು ಬರೆದ ಕ್ರಮದಲ್ಲೇ ಮಾಡಿ. ಮೂರನೆಯದನ್ನು ಮೊದಲು ಮಾಡಿದರೆ ಮತ್ತೆ ಅದೇ ಗೇಟಿನ ಮುಂದೆ ನಿಲ್ಲುತ್ತೀರಿ.

ಬೇಕಾಗುವ ಸಾಮಾನು

ಹೆಚ್ಚೇನೂ ಇಲ್ಲ. ಒಂದು ಬಿಳಿ ಹಾಳೆ ಮತ್ತು ಪೆನ್ನು. ಮೊಬೈಲಿನಲ್ಲಿ ಆ ನಗರದ ನಕ್ಷೆ, ಇಂಟರ್ನೆಟ್ ಇಲ್ಲದಿದ್ದರೂ ತೆರೆಯುವಂತೆ ಮೊದಲೇ ಇಳಿಸಿಕೊಂಡದ್ದು. ಪವರ್ ಬ್ಯಾಂಕ್. ಈಗಾಗಲೇ ಕಾಲಿಗೆ ಒಗ್ಗಿರುವ ಒಂದು ಜೊತೆ ಬೂಟು. ಪ್ರವಾಸಕ್ಕೆಂದು ಹೊಸದು ಕೊಂಡವರು ಎರಡನೆಯ ದಿನಕ್ಕೆ ಕುಂಟುತ್ತಾರೆ. ಮಡಚಿದರೆ ಅಂಗೈಯಲ್ಲಿ ಹಿಡಿಯುವ ಬಟ್ಟೆಯ ಚೀಲ. ಹೋಟೆಲಿನ ಹೆಸರು, ವಿಳಾಸವನ್ನು ಆ ಊರಿನ ಲಿಪಿಯಲ್ಲೇ ಬರೆದ ಚೀಟಿ. ಮೊಬೈಲ್ ಸತ್ತಾಗ ಟ್ಯಾಕ್ಸಿಯವರಿಗೆ ತೋರಿಸಲು ಅದಕ್ಕಿಂತ ಒಳ್ಳೆಯದು ಬೇರೇನಿಲ್ಲ.

ಪವರ್ ಬ್ಯಾಂಕ್ ಬಗ್ಗೆ ಒಂದು ಮಾತು. ವಿಮಾನದಲ್ಲಿ ಅದು ಕೈಚೀಲದಲ್ಲೇ ಇರಬೇಕು, ತೂಕಕ್ಕೆ ಕೊಡುವ ಪೆಟ್ಟಿಗೆಯಲ್ಲಿ ಇಡುವಂತಿಲ್ಲ. 100 ವಾಟ್-ಅವರ್ ಒಳಗಿನದನ್ನು ಸಾಮಾನ್ಯವಾಗಿ ವಿಶೇಷ ಅನುಮತಿ ಇಲ್ಲದೆ ಒಯ್ಯಬಹುದು. 20,000 ಎಂಎಎಚ್ ಎಂದು ಬರೆದಿರುವುದು ಸುಮಾರು 74 ವಾಟ್-ಅವರ್ ಆಗುತ್ತದೆ, ಆದ್ದರಿಂದ ಚಿಂತೆಯಿಲ್ಲ. ಅದರ ಮೇಲಿನ ಅಕ್ಷರಗಳು ಅಳಿಸಿ ಹೋಗಿದ್ದರೆ ಮಾತ್ರ ತಪಾಸಣೆಯಲ್ಲಿ ಕಿತ್ತುಕೊಳ್ಳಬಹುದು.

ಹಂತ 1: ಕೆಲಸಕ್ಕೆ ಬೇಲಿ ಹಾಕಿ

ಹೊರಡುವುದಕ್ಕೆ ಕನಿಷ್ಠ ಒಂದು ವಾರ ಮುಂಚೆ ಹಾಳೆಯನ್ನು ಅಡ್ಡ ಹಿಡಿದು, ಇರುವ ದಿನಗಳಷ್ಟು ಕಂಬಸಾಲು ಎಳೆಯಿರಿ. ಪ್ರತಿ ದಿನಕ್ಕೂ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಂದು ಮೂರು ಮನೆ. ಈಗ ಸಭೆ ಏರ್ಪಡಿಸಿದವರಿಗೆ ಮೂರು ಪ್ರಶ್ನೆ ಕೇಳಿ: ಯಾವ ದಿನ ಎಷ್ಟು ಗಂಟೆಗೆ ಮುಗಿಯುತ್ತದೆ? ಯಾವ ರಾತ್ರಿ ಎಲ್ಲರೂ ಒಟ್ಟಿಗೆ ಊಟಕ್ಕೆ ಹೋಗುವುದಿದೆ? ಕೊನೆಯ ದಿನ ನಾನು ಪೂರ್ತಿ ಇರಬೇಕೆ?

ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಆತಿಥೇಯರ ಊಟ ವೇಳಾಪಟ್ಟಿಯಲ್ಲಿ ಅಚ್ಚಾಗಿರುವುದಿಲ್ಲ. ಅದು ಮೊದಲ ದಿನ ಮಧ್ಯಾಹ್ನ ಬಾಯಿಮಾತಿನಲ್ಲಿ ಗೊತ್ತಾಗುತ್ತದೆ, ಆ ಹೊತ್ತಿಗೆ ನೀವು ಗೆಳೆಯರಿಗೆ ಅದೇ ಸಂಜೆಯನ್ನು ಕೊಟ್ಟಿರುತ್ತೀರಿ. ಎರಡು ದೋಣಿಯ ಮೇಲೆ ಕಾಲಿಟ್ಟು ಯಾರಿಗೋ ಒಬ್ಬರಿಗೆ ಸುಳ್ಳು ಹೇಳುವುದಕ್ಕಿಂತ ಮೊದಲೇ ಕೇಳುವುದು ವಾಸಿ.

ಈಗ ಬೇಲಿ. ಸಭೆ ನಡೆಯುವ ಮನೆಗಳಿಗೆ ಗೀಟು ಹಾಕಿ. ನೀವು ಮಾತನಾಡಬೇಕಾದ ಅಥವಾ ಲೆಕ್ಕ ಒಪ್ಪಿಸಬೇಕಾದ ದಿನದ ಹಿಂದಿನ ರಾತ್ರಿಗೂ ಗೀಟು ಹಾಕಿ. ಆ ರಾತ್ರಿ ಯಾವ ಗೆಳೆಯ ಕರೆದರೂ ಇಲ್ಲ. ದೂರದ ದೇಶಕ್ಕೆ ಹೋಗುವುದಾದರೆ ಬಂದಿಳಿದ ದಿನದ ಸಂಜೆಗೆ ಅರ್ಧ ಗೀಟು. ಗಡಿಯಾರದ ವ್ಯತ್ಯಾಸಕ್ಕೆ ದೇಹ ಹೊಂದಿಕೊಳ್ಳಲು ಗಂಟೆಗೊಂದು ದಿನದಂತೆ ಹಿಡಿಯುವುದು ವಾಡಿಕೆ, ಪೂರ್ವದ ಕಡೆ ಹೋದಾಗ ಇನ್ನೂ ಕಷ್ಟ. ಅಂಥ ಸಂಜೆ ಕುಳಿತು ನೋಡುವ ಯಾವುದನ್ನೂ ಇಟ್ಟುಕೊಳ್ಳಬೇಡಿ. ನಾಟಕದ ಮೊದಲ ಅಂಕದಲ್ಲೇ ಗೊರಕೆ ಹೊಡೆದ ಅನುಭವ ನನಗಿದೆ, ಅದೂ ಟಿಕೆಟ್ ಕೊಡಿಸಿದ ಗೆಳೆಯನ ಭುಜದ ಮೇಲೆ. ಬಯಲಿನಲ್ಲಿ ಒಂದಿಷ್ಟು ನಡೆದಾಡಿ, ಬೇಗ ಮಲಗಿ.

ಗೀಟು ಬೀಳದೆ ಉಳಿದ ಮನೆಗಳೇ ನಿಮ್ಮವು. ಅವು ಎಷ್ಟು ಕಡಿಮೆ ಎಂದು ನೋಡಿ ಬೇಸರವಾಗುತ್ತದೆ. ಈ ಬೇಸರ ಊರಲ್ಲೇ ಆಗಿಬಿಡುವುದು ಒಳ್ಳೆಯದು.

ಒಂದು ದಿನ ಹೆಚ್ಚು ಉಳಿಯಬೇಕೆಂದಿದ್ದರೆ ಅದೂ ಇದೇ ಹಂತದಲ್ಲಿ ಇತ್ಯರ್ಥವಾಗಬೇಕು. ಮೇಲಧಿಕಾರಿಯ ಒಪ್ಪಿಗೆ ಬರಹದಲ್ಲಿರಲಿ. ಆ ದಿನ ರಜೆ ಎಂದು ದಾಖಲಾಗುತ್ತದೆಯೇ, ಕಚೇರಿ ಮಾಡಿಸಿದ ಪ್ರಯಾಣ ವಿಮೆ ಸ್ವಂತ ದಿನಗಳಿಗೂ ಅನ್ವಯಿಸುತ್ತದೆಯೇ, ವಿದೇಶವಾದರೆ ವೀಸಾದ ದಿನಗಳು ಸಾಕೇ ಎಂಬ ಮೂರನ್ನೂ ನೋಡಿಕೊಳ್ಳಿ. ವಿಮೆಯನ್ನು ಬಹಳ ಜನ ಮರೆಯುತ್ತಾರೆ. ಕಾಲು ಉಳುಕಿದ್ದು ಸಭೆಯ ದಿನವೋ ಸುತ್ತಾಟದ ದಿನವೋ ಎಂದು ವಿಮೆಯವರು ಖಂಡಿತ ಕೇಳುತ್ತಾರೆ.

ಹಂತ 2: ಗೆಳೆಯರನ್ನು ಬೇರ್ಪಡಿಸಿ

ಗೆಳೆಯರು ಎಂದರೆ ಇಲ್ಲಿ ಮೂರು ಬಗೆ, ಮೂವರಿಗೂ ಒಂದೇ ಉಪಾಯ ನಡೆಯುವುದಿಲ್ಲ.

ಮೊದಲನೆಯವರು ನಿಮ್ಮ ಜೊತೆಗೇ ಕೆಲಸಕ್ಕೆ ಬಂದ ಸಹೋದ್ಯೋಗಿಗಳು. ಇವರೊಡನೆ ವೇಳೆ ಹೊಂದಿಸುವುದು ಸುಲಭ, ಆಸಕ್ತಿ ಹೊಂದಿಸುವುದು ಕಷ್ಟ. ಐದಾರು ಜನ ಒಟ್ಟಿಗೆ ಹೊರಟರೆ ಹೋಟೆಲಿನ ಮೊಗಸಾಲೆಯಲ್ಲೇ ಮುಕ್ಕಾಲು ಗಂಟೆ ಕಳೆಯುತ್ತದೆ. ಒಬ್ಬರ ಚಾರ್ಜರು, ಇನ್ನೊಬ್ಬರ ಫೋನು, ಮತ್ತೊಬ್ಬರು "ಐದೇ ನಿಮಿಷ" ಎಂದು ಮೇಲೆ ಹೋದವರು. ನಾಲ್ಕಕ್ಕಿಂತ ಹೆಚ್ಚು ಜನವಿದ್ದರೆ ಎರಡು ಗುಂಪಾಗಿ ಹೊರಡಿ. ಒಂದೇ ಟ್ಯಾಕ್ಸಿಯಲ್ಲಿ ಹಿಡಿಸುವಷ್ಟೇ ಜನ ಎಂಬುದು ಒಳ್ಳೆಯ ಅಳತೆ.

ಎರಡನೆಯವರು ಆ ನಗರದಲ್ಲೇ ನೆಲೆಸಿರುವ ಹಳೆಯ ಗೆಳೆಯರು. ಹೆಚ್ಚು ಎಡವಟ್ಟಾಗುವುದು ಇವರ ವಿಷಯದಲ್ಲಿ. ಆ ಊರಿನಲ್ಲಿ ಹತ್ತು ವರ್ಷವಿದ್ದಾನೆ, ಎಲ್ಲ ತೋರಿಸುತ್ತಾನೆ ಎಂದು ನೀವು ನಂಬಿರುತ್ತೀರಿ. ಅವನು ಆ ಹತ್ತು ವರ್ಷದಲ್ಲಿ ಒಮ್ಮೆಯೂ ಅಲ್ಲಿನ ಹೆಸರಾಂತ ಕೋಟೆಯ ಒಳಗೆ ಕಾಲಿಟ್ಟಿರುವುದಿಲ್ಲ. ಅವನಿಗೂ ಮರುದಿನ ಕಚೇರಿಯಿದೆ, ಮನೆ ನಗರದ ಇನ್ನೊಂದು ತುದಿಯಲ್ಲಿದೆ, ಮಕ್ಕಳಿಗೆ ಪರೀಕ್ಷೆಯಿದೆ. ಅವನನ್ನು ಮಾರ್ಗದರ್ಶಿ ಎಂದುಕೊಳ್ಳಬೇಡಿ. ಜಾಗ ನೀವು ಆರಿಸಿ, ದಾರಿ ನೀವು ನೋಡಿಕೊಳ್ಳಿ, ಅವನಿಗೆ ಬಂದು ಸೇರುವ ಕೆಲಸ ಮಾತ್ರ ಇರಲಿ. ಹಾಗೆ ಮಾಡಿದರೆ ಅವನೂ ಖುಷಿಯಾಗಿ ಬರುತ್ತಾನೆ.

ಮೂರನೆಯವರು ನಿಮ್ಮ ಪ್ರವಾಸದ ಸುದ್ದಿ ಕೇಳಿ ಬೇರೆ ಊರಿನಿಂದ ಬರುವವರು. ಇವರಿಗೆ ಹಗಲೆಲ್ಲ ಬಿಡುವು, ನಿಮಗೆ ಸಂಜೆ ಮಾತ್ರ. ಹಾಳೆಯ ಫೋಟೊ ತೆಗೆದು ಮೊದಲೇ ಕಳಿಸಿಬಿಡಿ, ಹಗಲನ್ನು ಅವರು ತಾವೇ ಕಳೆಯಬೇಕೆಂದು ಸ್ಪಷ್ಟವಾಗಿ ಹೇಳಿ. ಮುಜುಗರಪಟ್ಟು ಹೇಳದೆ ಬಿಟ್ಟರೆ ಸಭೆಯ ನಡುವೆ "ಎಲ್ಲಿದ್ದೀಯಾ?" ಎಂಬ ಸಂದೇಶ ಅರ್ಧ ಗಂಟೆಗೊಮ್ಮೆ ಬರುತ್ತದೆ. ಕಚೇರಿಯ ಹಣದಲ್ಲಿ ಹಿಡಿದ ಕೊಠಡಿಯಲ್ಲಿ ಅವರನ್ನು ಉಳಿಸಿಕೊಳ್ಳುವ ಮುನ್ನ ನಿಯಮ ಕೇಳಿ. ಹಲವು ಹೋಟೆಲುಗಳಲ್ಲಿ ಹೆಸರು ನೋಂದಾಯಿಸದ ಅತಿಥಿ ರಾತ್ರಿ ಉಳಿಯುವಂತಿಲ್ಲ.

ಹಂತ 3: ಒಂದು ಬಿಡುವಿಗೆ ಒಂದೇ ಜಾಗ

ಈಗ, ಈಗ ಮಾತ್ರ, ಜಾಗಗಳ ಪಟ್ಟಿ ತೆಗೆಯಿರಿ. ಖಾಲಿ ಇರುವ ಪ್ರತಿ ಮನೆಗೆ ಒಂದೇ ಒಂದು ಮುಖ್ಯ ಜಾಗ ಬರೆಯಿರಿ. ಎರಡನೆಯದನ್ನು ಪೆನ್ಸಿಲಿನಲ್ಲಿ ಬರೆಯಬಹುದು, ಅದು ಮೊದಲನೆಯದಕ್ಕೆ ನಡೆದು ಹೋಗುವಷ್ಟು ಹತ್ತಿರವಿದ್ದರೆ.

ಬರೆಯುವ ಮುನ್ನ ಪ್ರತಿಯೊಂದಕ್ಕೂ ನಾಲ್ಕು ವಿಷಯ ಪರೀಕ್ಷಿಸಿ, ಅದೂ ಆ ಜಾಗದವರದೇ ಅಧಿಕೃತ ಜಾಲತಾಣದಲ್ಲಿ.

ವಾರದ ರಜೆ ಮೊದಲನೆಯದು. ಭಾನುವಾರ ತೆರೆದಿರುವ ಹಲವು ಜಾಗಗಳು ವಾರದ ನಡುವೆ ಒಂದು ದಿನ ಮುಚ್ಚುತ್ತವೆ, ಆ ದಿನ ಎಲ್ಲ ಕಡೆಯೂ ಒಂದೇ ಅಲ್ಲ. ತಾಜ್ ಮಹಲ್‌ಗೆ ಶುಕ್ರವಾರ ರಜೆ, ದೆಹಲಿಯ ಕೆಂಪು ಕೋಟೆಗೆ ಸೋಮವಾರ. ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯ ಮಂಗಳವಾರ ಮುಚ್ಚಿದರೆ ನದಿಯಾಚೆಯ ಓರ್ಸೆ ವಸ್ತುಸಂಗ್ರಹಾಲಯ ಸೋಮವಾರ ಮುಚ್ಚುತ್ತದೆ. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಮುಖ್ಯ ಕಟ್ಟಡಕ್ಕೆ ಬುಧವಾರ ರಜೆ. ಜಪಾನಿನ ಅನೇಕ ವಸ್ತುಸಂಗ್ರಹಾಲಯಗಳದು ಇನ್ನೊಂದು ಗಮ್ಮತ್ತು: ಸೋಮವಾರ ರಜೆ, ಆದರೆ ಅಂದು ಸರ್ಕಾರಿ ರಜೆ ಬಿದ್ದರೆ ತೆರೆದಿಟ್ಟು ಮಂಗಳವಾರ ಮುಚ್ಚುತ್ತವೆ. ಕೆಲಸದ ಪ್ರವಾಸಗಳು ಸೋಮವಾರಕ್ಕೇ ಶುರುವಾಗುವುದು ಹೆಚ್ಚಾದ್ದರಿಂದ ಈ ಬಲೆಗೆ ಬೀಳುವವರೂ ಹೆಚ್ಚು.

ಎರಡನೆಯದು ಕೊನೆಯ ಪ್ರವೇಶದ ವೇಳೆ. ಫಲಕದ ಮೇಲಿನ ಮುಚ್ಚುವ ವೇಳೆಯನ್ನು ನಂಬಿ ಹೋದವರೇ ಗೇಟಿನ ಮುಂದೆ ನಿಲ್ಲುವುದು. ಹಲವು ಕಡೆ ಮುಚ್ಚುವುದಕ್ಕೆ ಅರ್ಧ ಗಂಟೆ ಅಥವಾ ಒಂದು ಗಂಟೆ ಮುಂಚೆಯೇ ಒಳಗೆ ಬಿಡುವುದು ನಿಲ್ಲುತ್ತದೆ, ಅದಕ್ಕೂ ಮುಂಚೆ ಟಿಕೆಟ್ ಕಿಟಕಿ ಮುಚ್ಚುತ್ತದೆ.

ಮೂರನೆಯದು ನಿಮ್ಮ ಪರವಾಗಿದೆ: ತಡರಾತ್ರಿ ತೆರೆದಿರುವ ದಿನ. ದೊಡ್ಡ ವಸ್ತುಸಂಗ್ರಹಾಲಯಗಳು ವಾರಕ್ಕೆ ಒಂದೆರಡು ದಿನ ಹೆಚ್ಚು ಹೊತ್ತು ತೆರೆದಿರುತ್ತವೆ. ಲೂವ್ರ್ ಬುಧವಾರ ಮತ್ತು ಶುಕ್ರವಾರ ರಾತ್ರಿ 9ರವರೆಗೆ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಶುಕ್ರವಾರ 8.30ರವರೆಗೆ. ಕೆಲಸ ಮುಗಿಸಿ ಬರುವವರಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದ್ದರಿಂದ ತಡರಾತ್ರಿಯ ದಿನವನ್ನು ಮೊದಲು ಹಾಳೆಯಲ್ಲಿ ಕೂರಿಸಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ.

ನಾಲ್ಕನೆಯದು ಸೂರ್ಯ. ಎತ್ತರದಿಂದ ನೋಡುವ, ನದಿದಂಡೆಯಲ್ಲಿ ನಡೆಯುವ ಜಾಗಗಳಿಗೆ ಬೆಳಕು ಬೇಕು. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ರಾತ್ರಿ 9 ದಾಟಿದ ಮೇಲೆ ಸೂರ್ಯ ಮುಳುಗುತ್ತಾನೆ, ಡಿಸೆಂಬರ್‌ನಲ್ಲಿ ಸಂಜೆ 4ಕ್ಕೂ ಮೊದಲೇ. ಸಿಂಗಪುರದಲ್ಲಿ ವರ್ಷವಿಡೀ 7ರ ಆಸುಪಾಸು. ಹೋದ ಸಲ ಬಂದಿದ್ದ ಗೆಳತಿ "ಸಭೆ ಮುಗಿಸಿ ಆರಾಮವಾಗಿ ನೋಡಿದೆ" ಎಂದಿದ್ದರೆ ಯಾವ ತಿಂಗಳು ಎಂದು ಕೇಳಿ.

ವೇಳೆ ನಿಗದಿಯಾದ ಟಿಕೆಟ್ ಕೊಳ್ಳಬೇಕಾದ ಜಾಗಗಳಿಗೆ ಕೆಲಸದ ದಿನದ ಸಂಜೆ ಹೋಗುವ ಆಸೆ ಬಿಡಿ. 6 ಗಂಟೆಯ ಟಿಕೆಟ್ ಕೈಯಲ್ಲಿದ್ದಾಗಲೇ ಸಭೆಯಲ್ಲಿ ಯಾರಾದರೂ "ಇನ್ನೊಂದೇ ಒಂದು ವಿಷಯ" ಎನ್ನುತ್ತಾರೆ. ಅಂಥವನ್ನು ಬಿಡುವಿನ ಅರ್ಧ ದಿನಕ್ಕೆ ಇಟ್ಟು, ಸಂಜೆಗಳಿಗೆ ಬಾಗಿಲಿಲ್ಲದ ಜಾಗಗಳನ್ನು ಆರಿಸಿ: ಹಳೆಯ ಪೇಟೆ, ಸೇತುವೆ, ಉದ್ಯಾನ, ಕಡಲತೀರ, ದೀಪ ಹಾಕಿದ ಚೌಕ.

ಹಂತ 4: ಗಂಟೆಗಳ ಲೆಕ್ಕ

ಇದನ್ನು ಹಾಳೆಯ ಹಿಂಬದಿಯಲ್ಲಿ ಪೆನ್ನು ಹಿಡಿದು ಮಾಡಿ. ಮನಸ್ಸಿನಲ್ಲಿ ಮಾಡಿದ ಲೆಕ್ಕ ಯಾವಾಗಲೂ ನಮ್ಮ ಪರವಾಗಿಯೇ ಬರುತ್ತದೆ.

ಸಭೆ 5ಕ್ಕೆ ಮುಗಿಯುತ್ತದೆ, ಮ್ಯೂಸಿಯಂ 8ಕ್ಕೆ ಮುಚ್ಚುತ್ತದೆ ಎಂದುಕೊಳ್ಳಿ. ಮೂರು ಗಂಟೆ ಸಿಕ್ಕಿತು ಎನಿಸುತ್ತದೆ. ಬರೆದು ನೋಡಿ. ಮಾತು ಮುಗಿದು, ಕೈಕುಲುಕಿ, ಗುರುತಿನ ಚೀಟಿ ಹಿಂತಿರುಗಿಸಿ ಕಟ್ಟಡದ ಹೊರಗೆ ಬರುವಾಗ 5.40. ನಿಲ್ದಾಣಕ್ಕೆ ನಡೆದು ರೈಲು ಬದಲಿಸಿ ಇಳಿಯಲು 45 ನಿಮಿಷ: 6.25. ಗೆಳೆಯನನ್ನು ಹುಡುಕಿ ಮಾತನಾಡಿಸಲು ಕಾಲು ಗಂಟೆ, ಸರದಿ ಮತ್ತು ತಪಾಸಣೆಗೆ 20 ನಿಮಿಷ. ಒಳಗೆ ಕಾಲಿಡುವಾಗ ಗಂಟೆ 7. ಕೊನೆಯ ಪ್ರವೇಶ 7ಕ್ಕೇ ಇದ್ದರೆ ಅಲ್ಲಿಗೇ ಮುಗಿಯಿತು; ಇಲ್ಲದಿದ್ದರೆ ಒಂದು ಗಂಟೆ. ನಡುವೆ ಹೋಟೆಲಿಗೆ ಹೋಗಿ ಬಟ್ಟೆ ಬದಲಿಸಿ ಬರುತ್ತೇನೆ ಎಂದಿರೋ, ಆ ಒಂದು ಗಂಟೆಯೂ ಇಲ್ಲ.

ಹಾಗಾಗಿ ಮೂರು ನಿಯಮ. ಕೆಲಸ ಮುಗಿಯುವ ವೇಳೆಗೆ ಮುಕ್ಕಾಲು ಗಂಟೆ ಕೂಡಿಸಿಯೇ ಲೆಕ್ಕ ಶುರು ಮಾಡಿ. ಸಭೆಯ ಜಾಗ ಮತ್ತು ಹೋಟೆಲಿನ ನಡುವಿನ ದಾರಿಯಲ್ಲೋ, ಅದೇ ರೈಲು ಮಾರ್ಗದಲ್ಲೋ ಇರುವುದನ್ನು ಸಂಜೆಗೆ ಇಡಿ. ನಗರದ ಎದುರು ದಿಕ್ಕಿನಲ್ಲಿರುವುದು ಅರ್ಧ ದಿನಕ್ಕೆ. ಒಳಗೆ 90 ನಿಮಿಷ ಸಿಗದ ದೊಡ್ಡ ಮ್ಯೂಸಿಯಂಗೆ ಹೋಗಲೇಬೇಡಿ. ಇನ್ನೊಂದು ತುದಿಯಲ್ಲಿ, ಎರಡು ಗಂಟೆ ಮೀರಿದ ಮೇಲೆ ನಿಮ್ಮ ಕಣ್ಣು ನೋಡುತ್ತಿರುತ್ತದೆ, ತಲೆಗೆ ಏನೂ ಹೋಗುತ್ತಿರುವುದಿಲ್ಲ. ದಿನವಿಡೀ ಸಭೆಯಲ್ಲಿ ಕುಳಿತು ಬಂದ ತಲೆಗೆ ಅದೂ ಹೆಚ್ಚೇ.

ರಾತ್ರಿ ಮರಳುವ ವೇಳೆಯನ್ನೂ ಇದೇ ಹಾಳೆಯಲ್ಲಿ ಬರೆದುಕೊಳ್ಳಿ. ನ್ಯೂಯಾರ್ಕ್‌ನ ಸುರಂಗ ರೈಲು ರಾತ್ರಿಯಿಡೀ ಓಡುತ್ತದೆ. ಟೋಕಿಯೊದಲ್ಲಿ ನಡುರಾತ್ರಿಯ ಹೊತ್ತಿಗೆ ನಿಂತು ಬೆಳಗಿನ 5ರ ಸುಮಾರಿಗೆ ಮತ್ತೆ ಶುರುವಾಗುತ್ತದೆ. ಲಂಡನ್ನಿನಲ್ಲಿ ಶುಕ್ರವಾರ, ಶನಿವಾರ ಕೆಲವು ಮಾರ್ಗಗಳಲ್ಲಿ ಮಾತ್ರ ರಾತ್ರಿಯಿಡೀ ಓಡುತ್ತದೆ. ದೂರದಲ್ಲಿ ಮನೆಯಿರುವ ಗೆಳೆಯನ ಕೊನೆಯ ರೈಲು ನಿಮ್ಮದಕ್ಕಿಂತ ಮುಂಚೆ ಇರುತ್ತದೆ, ಅದನ್ನೂ ಕೇಳಿ ಬರೆದುಕೊಳ್ಳಿ.

ಹಂತ 5: ಸಂದೇಶ ಕಳಿಸುವ ಬಗೆ

"ಮುಂದಿನ ವಾರ ಬರುತ್ತಿದ್ದೇನೆ, ಯಾವಾಗ ಬಿಡುವಿದೆ ಹೇಳಿ" ಎಂಬ ಸಂದೇಶಕ್ಕೆ ಉತ್ತರ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಬರುತ್ತದೆ: "ಬಾ, ಬಂದ ಮೇಲೆ ನೋಡೋಣ." ಬಂದ ಮೇಲೆ ಯಾರೂ ನೋಡುವುದಿಲ್ಲ. ತಪ್ಪು ಗೆಳೆಯರದ್ದಲ್ಲ. ಬಿಡುವಿನ ಪ್ರಶ್ನೆ ಕೇಳಿದರೆ ಇಡೀ ವಾರದ ಲೆಕ್ಕ ಹಾಕುವ ಕೆಲಸವನ್ನು ಅವರ ತಲೆಗೆ ಕಟ್ಟಿದಂತೆ.

ಹೌದು ಅಥವಾ ಇಲ್ಲ ಎಂದು ಹೇಳಲು ಬರುವಂತೆ ಬರೆಯಿರಿ. ನಾನು ಕಳಿಸುವುದು ಹೀಗಿರುತ್ತದೆ:

"ಬುಧವಾರ ಸಂಜೆ 6.45ಕ್ಕೆ ಹಳೆಯ ಸೇತುವೆಯ ಪೂರ್ವದ ತುದಿಯಲ್ಲಿ ಇರುತ್ತೇನೆ. 9.30ರವರೆಗೆ ನದಿದಂಡೆಯಲ್ಲಿ ಓಡಾಟ, ಅಲ್ಲೇ ಊಟ. ಅಂದು ಆಗದಿದ್ದರೆ ಶುಕ್ರವಾರ ಇದೇ ವೇಳೆ, ಇದೇ ಜಾಗ. ಎರಡರಲ್ಲಿ ಯಾವುದು ಸರಿ? ಭಾನುವಾರದೊಳಗೆ ತಿಳಿಸು. ತಡವಾಗಿ ಬಂದರೂ ಪರವಾಗಿಲ್ಲ, ಎಲ್ಲಿದ್ದೇನೆಂದು ಮೊಬೈಲಿನಲ್ಲಿ ಕಾಣುವಂತೆ ಮಾಡಿರುತ್ತೇನೆ."

ಎರಡು ದಿನ, ಒಂದು ಜಾಗ, ಶುರು ಮತ್ತು ಕೊನೆಯ ವೇಳೆ, ಉತ್ತರಕ್ಕೆ ಗಡುವು. ಕೊನೆಯ ವೇಳೆ ಬರೆಯುವುದು ಒರಟಾಗಿ ಕಾಣಬಹುದು, ಆದರೆ ಸಂಸಾರವಿರುವ ಗೆಳೆಯರು ಒಪ್ಪಿಕೊಳ್ಳುವುದು ಅದನ್ನು ಓದಿಯೇ.

ಎಲ್ಲ ಗೆಳೆಯರನ್ನೂ ಒಂದೇ ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿ ಚರ್ಚೆಗೆ ಬಿಡಬೇಡಿ. ತಲೆಗೊಂದು ಮಾತು ಬಂದು ಎಪ್ಪತ್ತು ಸಂದೇಶವಾಗುತ್ತದೆ, ವೇಳೆ ನಿಗದಿಯಾಗುವುದಿಲ್ಲ. ಒಬ್ಬೊಬ್ಬರಿಗೂ ಬೇರೆಯಾಗಿ ಕಳಿಸಿ, ಒಪ್ಪಿದವರನ್ನು ಮಾತ್ರ ಆಮೇಲೆ ಗುಂಪಿಗೆ ಹಾಕಿ. ಒಬ್ಬರಿಗೊಬ್ಬರು ಪರಿಚಯವಿಲ್ಲದ ಸಹೋದ್ಯೋಗಿಗಳು ಮತ್ತು ಬಾಲ್ಯದ ಗೆಳೆಯರನ್ನು ಒಂದೇ ಸಂಜೆ ಬೆರೆಸಬೇಡಿ ಎಂದೂ ನಾನು ಹೇಳುತ್ತೇನೆ. ಇಡೀ ಸಂಜೆ ನೀವು ದುಭಾಷಿಯಂತೆ ನಡುವೆ ನಡೆಯಬೇಕಾಗುತ್ತದೆ. ನಿಮ್ಮ ಹಳೆಯ ಅಡ್ಡಹೆಸರು ಮರುದಿನ ಸಭೆಗೆ ತಲುಪುವುದು ಬೇರೆ.

ಹಂತ 6: ಲ್ಯಾಪ್‌ಟಾಪ್ ಚೀಲಕ್ಕೆ ಗತಿ ಕಾಣಿಸಿ

ನಾನು ಕೆಡಿಸಿಕೊಂಡ ಒಂದು ಸಂಜೆಯನ್ನು ಹೇಳಿಬಿಡುತ್ತೇನೆ. ಸಭೆಯಿಂದ ನೇರವಾಗಿ, ಭುಜದ ಮೇಲೆ ಕಚೇರಿಯ ಲ್ಯಾಪ್‌ಟಾಪ್ ಚೀಲ ಹೊತ್ತುಕೊಂಡೇ ಹೋಗಿದ್ದೆ. ಗೆಳೆಯರಿಬ್ಬರು ಟಿಕೆಟ್ ಕೊಂಡು ಕಾಯುತ್ತಿದ್ದರು. ತಪಾಸಣೆಯವರು ಚೀಲವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ ಗೋಡೆಯ ಮೇಲಿನ ಫಲಕಕ್ಕೆ ಬೆರಳು ತೋರಿಸಿದರು. ಒಳಗೆ ಚೀಲವಿಲ್ಲ, ಹೊರಗಿನ ಸಾಮಾನು ಕೊಠಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಳ್ಳುವುದಿಲ್ಲ. ಮೂವರಲ್ಲಿ ಒಬ್ಬ ಹೊರಗಿನ ಮೆಟ್ಟಿಲ ಮೇಲೆ ಚೀಲವನ್ನು ತೊಡೆಯ ಮೇಲಿಟ್ಟು ಕುಳಿತ. ಉಳಿದಿಬ್ಬರು ಒಳಗೆ ಓಡೋಡಿ ನೋಡಿ ಬಂದು ಸರದಿ ಬದಲಿಸಿದೆವು. ಯಾರೂ ಏನೂ ನೋಡಿದಂತಾಗಲಿಲ್ಲ. ಮೆಟ್ಟಿಲ ಮೇಲೆ ಕುಳಿತವನಿಗೆ ನೆಗಡಿ ಬಂತು.

ಚೀಲದ ಅಳತೆಗೆ ಮಿತಿ ಹಾಕುವ ಜಾಗಗಳು ಬಹಳ. ಲೂವ್ರ್‌ನಲ್ಲಿ 55×35×20 ಸೆಂಟಿಮೀಟರ್ ಮೀರಿದ್ದನ್ನು ಒಳಗೆ ಬಿಡುವುದಿಲ್ಲ. ದೆಹಲಿಯ ಅಕ್ಷರಧಾಮದಲ್ಲಿ ಮೊಬೈಲನ್ನೂ ಹೊರಗೇ ಇಡಬೇಕು. ಜಾಗ ಯಾವುದೇ ಇರಲಿ, ಹಿಂದಿನ ದಿನವೇ ಅಲ್ಲಿನ ನಿಯಮ ಓದಿ.

ಅದಕ್ಕಿಂತ ಮುಖ್ಯ, ಅದು ನಿಮ್ಮ ಲ್ಯಾಪ್‌ಟಾಪ್ ಅಲ್ಲ. ಕಳೆದರೆ ಹೋಗುವುದು ಯಂತ್ರವೊಂದೇ ಅಲ್ಲ, ಅದರೊಳಗಿನ ಕಡತಗಳೂ. ಆದ್ದರಿಂದ ಹೋಟೆಲ್ ದಾರಿಯಲ್ಲಿದ್ದರೆ ಇಟ್ಟು ಬನ್ನಿ. ಇಲ್ಲದಿದ್ದರೆ ಸಭೆ ನಡೆದ ಕಚೇರಿಯಲ್ಲೇ ಬೀಗವಿರುವ ಕಪಾಟು ಕೇಳಿ, ಮರುದಿನವೂ ಅಲ್ಲಿಗೇ ಹೋಗುವುದಿದ್ದರೆ ಇದೇ ಸುಲಭ. ನಿಲ್ದಾಣದ ಲಾಕರು ಕೊನೆಯ ದಾರಿ. ಬಟ್ಟೆಗೆ ಸರಿ, ಕಚೇರಿಯ ಯಂತ್ರಕ್ಕೆ ನಾನು ಬಳಸುವುದಿಲ್ಲ. ಉಪಾಹಾರ ಗೃಹದ ಉಚಿತ ವೈಫೈಯಲ್ಲಿ "ಒಂದೇ ಒಂದು ಮೇಲ್" ಕಳಿಸಲು ಅದನ್ನು ತೆರೆಯುವುದೂ ಬೇಡ.

ಕಚೇರಿಯ ಗುರುತಿನ ಚೀಟಿಯನ್ನು ಕತ್ತಿನಿಂದ ತೆಗೆಯಲು ಮರೆಯಬೇಡಿ. ನಿಮ್ಮ ಹೆಸರು, ಸಂಸ್ಥೆ, ನೀವು ಹೊಸಬರೆಂಬ ಸುದ್ದಿ ಮೂರನ್ನೂ ಬೀದಿಗೆ ಸಾರುವ ಫಲಕ ಅದು.

ಹಂತ 7: ಸೇರುವ ಜಾಗ

"ಮೆಟ್ರೊ ನಿಲ್ದಾಣದ ಹತ್ತಿರ ಸಿಗೋಣ" ಎಂಬುದು ಜಾಗವೇ ಅಲ್ಲ. ಟೋಕಿಯೊದ ಶಿಂಜುಕು ನಿಲ್ದಾಣಕ್ಕೆ 200ಕ್ಕೂ ಹೆಚ್ಚು ದ್ವಾರಗಳಿವೆ. ಅಲ್ಲಿ ಹಾಗೆ ಹೇಳಿದರೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ದ್ವಾರದ ಸಂಖ್ಯೆ, ಒಳಗೋ ಹೊರಗೋ, ಕಣ್ಣಿಗೆ ಬೀಳುವ ಒಂದು ಗುರುತು ಮೂರೂ ಇರಲಿ: "3ನೆಯ ದ್ವಾರ, ಮೆಟ್ಟಿಲು ಹತ್ತಿ ಹೊರಗೆ, ಗಡಿಯಾರದ ಕೆಳಗೆ."

ನೆರಳು ಮತ್ತು ಬೆಂಚು ಇರುವ ಜಾಗವನ್ನೇ ಆರಿಸಿ, ಯಾರಾದರೂ ಒಬ್ಬರು ಕಾದೇ ಕಾಯುತ್ತಾರೆ. 20 ನಿಮಿಷ ಕಾದ ಮೇಲೆ ಬಂದವರು ಮುಂದೆ ಹೋಗುವುದು, ತಡವಾದವರು ಮುಂದಿನ ಜಾಗದಲ್ಲಿ ಸೇರುವುದು ಎಂದು ಮೊದಲೇ ಮಾತಾಗಿರಲಿ. ಈ ನಿಯಮವಿದ್ದರೆ ತಡವಾದವನಿಗೆ ಅಪರಾಧಿ ಭಾವ ಇರುವುದಿಲ್ಲ, ಬಂದವರಿಗೆ ಸಿಟ್ಟಿರುವುದಿಲ್ಲ.

ಹಂತ 8: ಕೊನೆಯ ದಿನದ ಹಿಮ್ಮುಖ ಲೆಕ್ಕ

ಬಿಡುವಿನ ಅರ್ಧ ದಿನ ಹೆಚ್ಚಾಗಿ ಇಲ್ಲೇ ಸಿಗುತ್ತದೆ, ವಿಮಾನ ತಪ್ಪುವುದೂ ಇಲ್ಲೇ. ವಿಮಾನದ ವೇಳೆಯಿಂದ ಹಿಂದಕ್ಕೆ ಎಣಿಸಿ. ರಾತ್ರಿ 9ಕ್ಕೆ ಅಂತರರಾಷ್ಟ್ರೀಯ ವಿಮಾನವೆಂದರೆ 6ಕ್ಕೆ ನಿಲ್ದಾಣದಲ್ಲಿರಬೇಕು. ಸಂಜೆಯ ದಟ್ಟಣೆಯಲ್ಲಿ ಅಲ್ಲಿಗೆ ಒಂದೂವರೆ ಗಂಟೆ ಎಂದರೆ ಹೋಟೆಲಿನಿಂದ 4.30ಕ್ಕೆ ಹೊರಡಬೇಕು. ಲಗೇಜು ಬಿಡಿಸಿಕೊಳ್ಳಲು, ಬಟ್ಟೆ ಬದಲಿಸಲು ಅರ್ಧ ಗಂಟೆ: 4. ಸುತ್ತಾಟದ ಜಾಗದಿಂದ ಹೋಟೆಲಿಗೆ ಅರ್ಧ ಗಂಟೆ: 3.30. ತಪ್ಪು ರೈಲು ಹತ್ತುವ ಹಕ್ಕಿಗೆ ಇನ್ನರ್ಧ ಗಂಟೆ ಕಳೆದರೆ ಗೆಳೆಯರನ್ನು ಬೀಳ್ಕೊಡುವ ವೇಳೆ ಮಧ್ಯಾಹ್ನ 3. ಮೊಬೈಲಿನಲ್ಲಿ 2.45ಕ್ಕೆ ಅಲಾರಂ ಇಡಿ.

ಯಾವ ವಿಮಾನ ನಿಲ್ದಾಣ ಎಂದು ಟಿಕೆಟಿನಲ್ಲಿ ಮತ್ತೊಮ್ಮೆ ಓದಿ. ಒಂದಕ್ಕಿಂತ ಹೆಚ್ಚು ನಿಲ್ದಾಣಗಳಿರುವ ನಗರಗಳಲ್ಲಿ ಇದು ಹುಡುಗಾಟವಲ್ಲ: ಟೋಕಿಯೊದ ಹನೇಡಾ ನಗರಕ್ಕೆ ಹತ್ತಿರ, ನರೀಟಾ ನಗರದ ನಡುವಿನಿಂದ ಸುಮಾರು 60 ಕಿಲೋಮೀಟರ್ ದೂರ.

ಕೊಠಡಿಯನ್ನು ಬೆಳಿಗ್ಗೆಯೇ ಖಾಲಿ ಮಾಡಿ ಪೆಟ್ಟಿಗೆಯನ್ನು ಹೋಟೆಲಿನವರ ವಶಕ್ಕೆ ಕೊಟ್ಟು ಚೀಟಿ ಪಡೆಯಿರಿ. ಪಾಸ್‌ಪೋರ್ಟ್, ಔಷಧಿ, ಹಣ ಅದರಲ್ಲಿ ಬೇಡ.

ಹಂತ 9: ದುಡ್ಡಿನ ಲೆಕ್ಕ

ಎರಡು ಲಕೋಟೆ ಇಟ್ಟುಕೊಳ್ಳಿ, ಒಂದು ಕಚೇರಿಗೆ, ಒಂದು ಸ್ವಂತಕ್ಕೆ. ರಸೀದಿ ಕೈಗೆ ಬಂದ ಕೂಡಲೇ ಹಿಂಬದಿಯಲ್ಲಿ ಎಲ್ಲಿಂದ ಎಲ್ಲಿಗೆ, ಯಾಕೆ ಎಂದು ಬರೆದು ಹಾಕಿ. ಸಭೆಯಿಂದ ನದಿದಂಡೆಗೆ ಹೋದ ಟ್ಯಾಕ್ಸಿಯ ಬಿಲ್ಲು ಸ್ವಂತದ ಲಕೋಟೆಗೆ, ಅಲ್ಲಿಂದ ಹೋಟೆಲಿಗೆ ಮರಳಿದ್ದೂ ಸ್ವಂತಕ್ಕೇ. ಹೇಗಿದ್ದರೂ ಹೋಟೆಲಿಗೆ ಬರಬೇಕಿತ್ತಲ್ಲ ಎಂಬ ವಾದ ನನಗೂ ಹೊಳೆದಿದೆ. ಲೆಕ್ಕಪತ್ರ ವಿಭಾಗದವರಿಗೆ ಹೊಳೆಯುವುದಿಲ್ಲ.

ಗೆಳೆಯರ ನಡುವೆ ಒಂದು ಸಂಜೆಗೆ ಒಬ್ಬರೇ ಎಲ್ಲವನ್ನೂ ಕೊಡಲಿ, ಬೇರೆಯಾಗುವ ಮುನ್ನ ಪಾಲು ತೀರಿಸಿಬಿಡಿ. "ಆಮೇಲೆ ನೋಡೋಣ" ಎಂದದ್ದು ಮುಂದಿನ ಭೇಟಿಯವರೆಗೂ ಮನಸ್ಸಿನಲ್ಲಿ ಕೂತಿರುತ್ತದೆ.

ಎಚ್ಚರಿಕೆಯ ಗುರುತುಗಳು

ಹೊರಡಲು ಎರಡೇ ದಿನವಿದೆ, ಗೆಳೆಯನಿಂದ ವೇಳೆಯ ಮಾತಿಲ್ಲ, ಬರೀ ನಗುವ ಚಿತ್ರಗಳು ಬರುತ್ತಿವೆ: ಅವನು ಬರುವುದಿಲ್ಲ. ಬೇಸರಪಟ್ಟುಕೊಳ್ಳದೆ ಆ ಸಂಜೆಯನ್ನು ಒಬ್ಬರೇ ನೋಡುವ ಜಾಗಕ್ಕೆ ಬದಲಿಸಿ.

ಸಂಜೆ 4ಕ್ಕೆ ಸಭೆಯಲ್ಲಿ ಇನ್ನೂ ಎರಡನೆಯ ವಿಷಯವೇ ನಡೆಯುತ್ತಿದೆ: 5ಕ್ಕೆ ಮುಗಿಯುವುದಿಲ್ಲ. ಕಾಫಿ ವಿರಾಮದಲ್ಲೇ ಗೆಳೆಯರಿಗೆ ತಿಳಿಸಿ. 4.15ಕ್ಕೆ ಹೇಳಿದರೆ ಅದು ಸುದ್ದಿ, 6.15ಕ್ಕೆ ಹೇಳಿದರೆ ನೆಪ.

ಮೇಜಿನ ಕೆಳಗೆ ಮೊಬೈಲ್ ನೋಡುವುದು ಹೆಚ್ಚಾಗಿದೆ, ಎದುರಿಗಿರುವವರು ಅದನ್ನು ಗಮನಿಸಿದ್ದಾರೆ: ಅಂದಿನ ಸುತ್ತಾಟ ರದ್ದು ಮಾಡಿ.

ಬೀದಿಯಲ್ಲಿ ಯಾರೋ ತಾವಾಗಿ ಬಂದು "ಇವತ್ತು ಅಲ್ಲಿ ರಜೆ, ಬೇರೆ ಕಡೆ ಕರೆದುಕೊಂಡು ಹೋಗುತ್ತೇನೆ" ಎನ್ನುತ್ತಾರೆ: ನಂಬಬೇಡಿ, ಗೇಟಿನವರೆಗೆ ನಡೆದು ಕಣ್ಣಾರೆ ನೋಡಿ. ನೀವು ಹಾಳೆ ಮಾಡಿ ಬಂದವರು, ರಜೆ ಯಾವ ದಿನ ಎಂದು ನಿಮಗೆ ಗೊತ್ತು.

ರಾತ್ರಿ 10ಕ್ಕೆ ಗುಂಪಿನಲ್ಲಿ ಒಬ್ಬರು "ಇನ್ನೊಂದೇ ಜಾಗ, ಹತ್ತೇ ನಿಮಿಷದ ದಾರಿ" ಎನ್ನುತ್ತಾರೆ. ಆ ಮಾತು ಹೇಳುವವರು ಸಾಮಾನ್ಯವಾಗಿ ಮರುದಿನ ರಜೆ ಹಾಕಿರುವವರು. ಅವರಿಗೆ ದಾರಿ ತೋರಿಸಿ, ನೀವು ನಿಲ್ದಾಣದ ಕಡೆ ನಡೆಯಿರಿ.